30 ವರ್ಷಕ್ಕೂ ಒಂದೇ ಶೇ. 12 ಏರಿಕೆ ಹಾಕಿದರೆ ಲೆಕ್ಕ ಎಲ್ಲಿ ತಪ್ಪುತ್ತದೆ?

ಕಾವೇರಿತೀರ ಕೇಳಿದ್ದು:

ಗೃಹಸಾಲ ಎಷ್ಟು ತೆಗೆಯಬಹುದು ಅಂತ ನೋಡಲು ಮುಂದಿನ ಆದಾಯದ ಒಂದು ಶೀಟ್ ಮಾಡಿದೆ. ವಯಸ್ಸು 28, ಬೆಂಗಳೂರಲ್ಲಿ ಖಾಸಗಿ ಕೆಲಸ, ವರ್ಷಕ್ಕೆ 9 ಲಕ್ಷ. ಇಲ್ಲಿಯವರೆಗಿನ ಹೈಕ್ ಸರಾಸರಿ ಶೇ. 12. ಅದನ್ನೇ 30 ವರ್ಷ ಎಳೆದರೆ 58ನೇ ವಯಸ್ಸಿಗೆ ವರ್ಷದ ಸಂಬಳ ಸುಮಾರು 2.7 ಕೋಟಿ ಬರುತ್ತದೆ. ಸೂತ್ರ ಸರಿಯಾಗಿಯೇ ಇದೆ, ಆದರೂ ಉತ್ತರ ನಂಬುವ ಹಾಗಿಲ್ಲ. ವಯಸ್ಸಿನ ಜೊತೆ ಗಳಿಕೆ ನಿಜಕ್ಕೂ ಹೇಗೆ ಏರುತ್ತದೆ? ಶೀಟಿನಲ್ಲಿ ಏನು ಬದಲಿಸಬೇಕು? ಸರ್ಕಾರಿ ನೌಕರಿ, ಕೂಲಿ ಕೆಲಸಗಳಲ್ಲಿ ಇದು ಬೇರೆಯಾ?

ಪೈಸೆಲೆಕ್ಕ ಉತ್ತರ:

ಎರಡು ತಪ್ಪು ಒಂದರ ಮೇಲೊಂದು ಕೂತಿವೆ. ಬೆಲೆ ಏರಿಕೆಯನ್ನೂ ಸಂಬಳ ಏರಿಕೆ ಅಂತಲೇ ಎಣಿಸಿದ್ದೀರಿ. ಜೊತೆಗೆ ಮೊದಲ ಐದಾರು ವರ್ಷದ ಕಡಿದಾದ ಏರನ್ನೇ ಕೊನೆಯವರೆಗೂ ಎಳೆದಿದ್ದೀರಿ.

ಮೊದಲು ಹಳೆಯ ಸಂಬಳವನ್ನೆಲ್ಲ ಒಂದೇ ವರ್ಷದ ಬೆಲೆಗೆ ತನ್ನಿ. ಪ್ರತಿ ವರ್ಷದ ಫಾರ್ಮ್ 16ರಿಂದ (ಕಂಪನಿ ಕೊಡುವ ಸಂಬಳ-ತೆರಿಗೆಯ ಪ್ರಮಾಣಪತ್ರ) ಒಟ್ಟು ಸಂಬಳ ತೆಗೆದುಕೊಳ್ಳಿ. ಆಫರ್ ಲೆಟರಿನ ಸಿಟಿಸಿ (ಕಂಪನಿಗೆ ನಿಮ್ಮಿಂದ ತಗಲುವ ಒಟ್ಟು ವೆಚ್ಚ) ಬೇಡ, ಅದರಲ್ಲಿ ಕೈಗೆ ಬಾರದ ಬಾಬ್ತುಗಳೂ ಸೇರಿರುತ್ತವೆ. ಪಕ್ಕದ ಕಾಲಮ್ಮಿನಲ್ಲಿ ಆ ವರ್ಷದ ಗ್ರಾಹಕ ಬೆಲೆ ಸೂಚ್ಯಂಕ ಬರೆದು ಭಾಗಿಸಿ. 2012 ಆಧಾರ ವರ್ಷದ ಸೂಚ್ಯಂಕ 2014-15ರಲ್ಲಿ ಸರಾಸರಿ ಸುಮಾರು 119 ಇತ್ತು, 2024-25ರಲ್ಲಿ ಸುಮಾರು 193. ಅಂದರೆ ಆ ಹತ್ತು ವರ್ಷದಲ್ಲಿ ಬೆಲೆ 1.62 ಪಟ್ಟು. 3.5 ಲಕ್ಷದಿಂದ 14 ಲಕ್ಷಕ್ಕೆ ಹೋದವರ ಸಂಬಳ ಕಾಗದದ ಮೇಲೆ 4 ಪಟ್ಟು, ಕೊಳ್ಳುವ ಶಕ್ತಿಯಲ್ಲಿ 2.5 ಪಟ್ಟಿಗೂ ಸ್ವಲ್ಪ ಕಡಿಮೆ. ವರ್ಷಕ್ಕೆ ಶೇ. 15 ಅಂತ ಕಂಡದ್ದು ನಿಜದಲ್ಲಿ ಶೇ. 9.5ರ ಆಸುಪಾಸು.

ಇಲ್ಲಿ ತುಂಬ ಜನ ಆದಾಯ ತೆರಿಗೆಯ ವೆಚ್ಚ ಹಣದುಬ್ಬರ ಸೂಚ್ಯಂಕವನ್ನು (2024-25ಕ್ಕೆ 363) ಬಳಸುತ್ತಾರೆ. ಅದು ಬೇಡ. ನಗರ ಗ್ರಾಹಕ ಬೆಲೆಯ ಏರಿಕೆಯಲ್ಲಿ ಶೇ. 75ರಷ್ಟನ್ನು ಮಾತ್ರ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಅದರಿಂದ ಭಾಗಿಸಿದರೆ ನಿಮ್ಮ ಏರಿಕೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಇನ್ನು ಏರಿನ ಆಕಾರ. ಅರ್ಥಶಾಸ್ತ್ರಜ್ಞ ಜೇಕಬ್ ಮಿನ್ಸರ್ ಅನುಭವದ ಜೊತೆ ಗಳಿಕೆ ಏರುವ ರೀತಿಗೆ 1974ರಲ್ಲಿ ಕೊಟ್ಟ ಸಮೀಕರಣವನ್ನೇ ಇವತ್ತಿಗೂ ಹೆಚ್ಚಿನವರು ಹಿಡಿದುಕೊಳ್ಳುವುದು. ಅಮೆರಿಕದ 1959ರ ಗಳಿಕೆಯ ಮೇಲೆ ಆತ ಪಡೆದ ಅಂಕಿ: ಅನುಭವಕ್ಕೆ 0.081, ಅನುಭವದ ವರ್ಗಕ್ಕೆ (ವರ್ಷಗಳನ್ನು ಅವುಗಳಿಂದಲೇ ಗುಣಿಸಿದ್ದಕ್ಕೆ) ಋಣ 0.0012. ಬಿಡಿಸಿ ನೋಡಿ. ಕೆಲಸಕ್ಕೆ ಸೇರಿದಾಗ ಏರಿಕೆಯ ವೇಗ ವರ್ಷಕ್ಕೆ ಶೇ. 8.1, ಹತ್ತು ವರ್ಷಕ್ಕೆ 5.7, ಇಪ್ಪತ್ತಕ್ಕೆ 3.3, ಮೂವತ್ತಕ್ಕೆ 0.9. ಸುಮಾರು 34ನೇ ವರ್ಷದಲ್ಲಿ ಶಿಖರ, ಆಮೇಲೆ ಇಳಿಜಾರು. ಈ ಅಂಕಿಗಳನ್ನು ಬೆಂಗಳೂರಿಗೆ ಹಾಗೇ ಅಂಟಿಸಬೇಡಿ, ದೇಶವೂ ಬೇರೆ, ಕಾಲವೂ ಬೇರೆ. ಆದರೆ ಬಾಗುವ ರೀತಿ ಮಾತ್ರ ಇಲ್ಲೂ ಹಾಗೇ. ಹೊಸದಾಗಿ ಕಲಿಯುವುದು ಮೊದಲ ಹತ್ತು ವರ್ಷದಲ್ಲೇ ಹೆಚ್ಚು, ಕಂಪನಿ ಬದಲಿಸಿ ದೊಡ್ಡ ಹೈಕ್ ಪಡೆಯುವುದೂ ಆಗಲೇ. ಮೇಲಕ್ಕೆ ಹೋದಷ್ಟೂ ಕುರ್ಚಿ ಕಡಿಮೆ. ಎಂಟು ಜನಕ್ಕೆ ಒಬ್ಬ ಲೀಡ್, ಎಂಟು ಲೀಡ್‌ಗಳಿಗೆ ಒಬ್ಬ ಮ್ಯಾನೇಜರ್ ಅಂದರೆ 64 ಜನರಲ್ಲಿ ಒಬ್ಬರಿಗೆ ಆ ಜಾಗ.

ನಿಮ್ಮ 9 ಲಕ್ಷಕ್ಕೆ ಹೀಗೆ ಹಾಕಿ, ಎಲ್ಲವೂ ಇವತ್ತಿನ ಬೆಲೆಯಲ್ಲಿ: 28ರಿಂದ 35ರವರೆಗೆ ಶೇ. 6, 45ರವರೆಗೆ ಶೇ. 3, 52ರವರೆಗೆ ಶೇ. 1, ಕೊನೆಯ ಆರು ವರ್ಷ ಸೊನ್ನೆ. ಗುಣಿಸಿದರೆ 2.17 ಪಟ್ಟು, ಅಂದರೆ 19.5 ಲಕ್ಷ. ಬೆಲೆ ವರ್ಷಕ್ಕೆ ಶೇ. 5 ಏರುತ್ತದೆ ಅಂತ ಹಿಡಿದರೆ 30 ವರ್ಷದ ನಂತರದ ನೋಟಿನ ಲೆಕ್ಕದಲ್ಲಿ ಅದು ಸುಮಾರು 84 ಲಕ್ಷ. ನಿಮ್ಮ ಶೀಟು ಅದರ ಮೂರು ಪಟ್ಟಿಗೂ ಹೆಚ್ಚು ತೋರಿಸುತ್ತಿದೆ. ಈ ದರಗಳು ನನ್ನ ಅಂದಾಜು. ನಿಮ್ಮ ಕ್ಷೇತ್ರಕ್ಕೆ ತಕ್ಕಂತೆ ತಿದ್ದಿಕೊಳ್ಳಿ, ಆದರೆ ಕಟ್ಟುನಿಟ್ಟಾಗಿ ಇಳಿಯುತ್ತಾ ಹೋಗಲಿ.

ಆಫೀಸಿನ 50 ವರ್ಷದವರ ಸಂಬಳ ನೋಡಿ 'ನನಗೂ ಅಷ್ಟು ಬರುತ್ತದೆ' ಅನ್ನುವುದೂ ತಪ್ಪು. ಅಲ್ಲಿ ಕಾಣುವುದು ಉಳಿದುಕೊಂಡವರು ಮಾತ್ರ. 45ಕ್ಕೆ ಹೊರಗೆ ಹೋದವರು ಆ ಪಟ್ಟಿಯಲ್ಲೇ ಇಲ್ಲ. ಉಳಿದವರು ಹತ್ತಲು ಶುರುಮಾಡಿದ ಮೆಟ್ಟಿಲೂ ಬೇರೆ. ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಹೊಸಬರ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲ 3ರಿಂದ 4 ಲಕ್ಷದಲ್ಲೇ ನಿಂತಿತ್ತು. ಬೆಲೆ ಕಳೆದು ನೋಡಿದರೆ ಆಮೇಲೆ ಸೇರಿದವರು ಕೆಳಗಿನ ಮೆಟ್ಟಿಲಿನಿಂದಲೇ ಹತ್ತಲು ಶುರುಮಾಡಿದ್ದಾರೆ.

ಬಿಲ್‌ಶಾಖೆ ಉತ್ತರ:

ಸರ್ಕಾರಿ ನೌಕರಿಯ ಬಗ್ಗೆ ಕೇಳಿದ್ದಕ್ಕೆ ಹೇಳುತ್ತೇನೆ. ಕೇಂದ್ರ ಸರ್ಕಾರದಲ್ಲಿ ಊಹೆ ಬೇಕಿಲ್ಲ, ಏಳನೇ ವೇತನ ಆಯೋಗದ ಪೇ ಮ್ಯಾಟ್ರಿಕ್ಸ್ (ಮೂಲವೇತನದ ಮೆಟ್ಟಿಲುಗಳ ಪಟ್ಟಿ) ತೆರೆದು ಬೆರಳಿಟ್ಟು ಇಳಿದರೆ ಸಾಕು. ಲೆವೆಲ್ 4ಕ್ಕೆ ಸೇರಿದವರ ಮೂಲವೇತನ 25,500. ವರ್ಷಕ್ಕೊಂದು ಇನ್‌ಕ್ರಿಮೆಂಟ್, ಶೇ. 3. ಹತ್ತು ಇನ್‌ಕ್ರಿಮೆಂಟಿಗೆ 34,300. ಬಡ್ತಿಯೇ ಸಿಗದಿದ್ದರೂ 10, 20, 30 ವರ್ಷಕ್ಕೆ ಎಂಎಸಿಪಿ ಇದೆ, ಅಂದರೆ ಹುದ್ದೆ ಬದಲಾಗದೆ ಮೇಲಿನ ಲೆವೆಲ್ಲಿನ ಸಂಬಳ ಕೊಡುವ ವ್ಯವಸ್ಥೆ. ಅದರಲ್ಲಿ ಮೊದಲು ಅದೇ ಲೆವೆಲ್ಲಿನಲ್ಲಿ ಒಂದು ಇನ್‌ಕ್ರಿಮೆಂಟ್ (35,300), ಆಮೇಲೆ ಮುಂದಿನ ಲೆವೆಲ್ಲಿನಲ್ಲಿ ಅದಕ್ಕೆ ಸಮ ಅಥವಾ ಅದರ ಮೇಲಿನ ಅಂಕಿ: ಲೆವೆಲ್ 5ರಲ್ಲಿ 35,900. ಇನ್ನು ಹತ್ತು ವರ್ಷಕ್ಕೆ 48,200, ಎರಡನೇ ಎಂಎಸಿಪಿಗೆ ಲೆವೆಲ್ 6ರಲ್ಲಿ 50,500. ಮತ್ತೆ ಹತ್ತು ವರ್ಷಕ್ಕೆ 68,000, ಮೂರನೆಯದಕ್ಕೆ ಲೆವೆಲ್ 7ರಲ್ಲಿ 70,000.

ಮೂವತ್ತು ವರ್ಷದಲ್ಲಿ 2.75 ಪಟ್ಟು, ವರ್ಷಕ್ಕೆ ಸುಮಾರು ಶೇ. 3.4. ಬೆಲೆ ಏರಿಕೆಗೆ ತುಟ್ಟಿಭತ್ಯೆ ಪ್ರತ್ಯೇಕವಾಗಿ ಬರುವುದರಿಂದ ಇದು ಹೆಚ್ಚುಕಡಿಮೆ ನಿಜ ಏರಿಕೆಯೇ. ಖಾಸಗಿಯ ಜೊತೆ ಇರುವ ವ್ಯತ್ಯಾಸ ಕೊನೆಯಲ್ಲಿ ಕಾಣುತ್ತದೆ: ಇಲ್ಲಿ ಕೊನೆಯ ಹತ್ತು ವರ್ಷದಲ್ಲೂ 50,500ದಿಂದ 68,000, ಶೇ. 35ರಷ್ಟು. ಮೇಲಿನ ಅಂದಾಜಿನಲ್ಲಿ 45ರಿಂದ 58ರವರೆಗೆ ಸಿಕ್ಕಿದ್ದು ಶೇ. 7 ಮಾತ್ರ.

ವೇತನ ಆಯೋಗ ಬಂದಾಗ 'ಎರಡೂವರೆ ಪಟ್ಟು' ಅನ್ನುವ ಮಾತು ಕೇಳಿ ಶೀಟಿನಲ್ಲಿ ಜಿಗಿತ ಹಾಕಬೇಡಿ. 2016ರಲ್ಲಿ ಹಳೆಯ ಮೂಲವೇತನವನ್ನು ಗುಣಿಸಿದ 2.57ರಲ್ಲಿ 2.25 ಹಳೆಯ ಮೂಲವೇತನ ಮತ್ತು ಶೇ. 125 ತುಟ್ಟಿಭತ್ಯೆ ಸೇರಿದ್ದು. ನಿಜವಾಗಿ ಹೆಚ್ಚಿದ್ದು ಶೇ. 14ರಷ್ಟು.

ಕೈತಪ್ಪುವುದು ಎರಡು ಕಡೆ. ಎಂಎಸಿಪಿಗೆ ವಾರ್ಷಿಕ ಮೌಲ್ಯಮಾಪನದಲ್ಲಿ 'ವೆರಿ ಗುಡ್' ಬೇಕು; ಒಂದೆರಡು ವರ್ಷದ ವರದಿ ಬರೀ 'ಗುಡ್' ಆಗಿದ್ದರೆ ಮುಂದಕ್ಕೆ ಹೋಗುತ್ತದೆ, ಆದ್ದರಿಂದ ವರದಿ ಕೈಗೆ ಬಂದಾಗಲೇ ಆಕ್ಷೇಪಣೆ ಸಲ್ಲಿಸಬೇಕು. ಇನ್ನೊಂದು, ಎಂಎಸಿಪಿ ಮಾರ್ಚಿನಲ್ಲಿ ಬಂದು ಇನ್‌ಕ್ರಿಮೆಂಟ್ ಜುಲೈನಲ್ಲಿದ್ದರೆ, ವೇತನ ನಿಗದಿಯನ್ನು ಜುಲೈಗೆ ಮಾಡಿ ಅಂತ ಆಯ್ಕೆಪತ್ರ ಕೊಡಬಹುದು. ಆದೇಶವಾದ ಒಂದು ತಿಂಗಳೊಳಗೆ ಕೊಡಬೇಕು. ಮರೆತರೆ ಒಂದು ಮೆಟ್ಟಿಲಿನ ವ್ಯತ್ಯಾಸ ನಿವೃತ್ತಿಯವರೆಗೂ ಉಳಿದುಬಿಡಬಹುದು. ರಾಜ್ಯ ಸರ್ಕಾರದಲ್ಲಿ ಮೆಟ್ಟಿಲುಗಳು ಬೇರೆ: 10 ವರ್ಷಕ್ಕೆ ಕಾಲಬದ್ಧ ಬಡ್ತಿ, 15ಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ, ಆಮೇಲೆ 20, 25, 30ಕ್ಕೆ ಹೆಚ್ಚುವರಿ ಇನ್‌ಕ್ರಿಮೆಂಟ್.

ತೋಟದಂಚು ಉತ್ತರ:

ಮೇಲಿನ ಎರಡೂ ಗೆರೆಗಳು ತಿಂಗಳ ಸಂಬಳದವರವು. ಮೈಬಗ್ಗಿಸಿ ದುಡಿಯುವವರ ಗೆರೆ ಬೇರೆಯೇ. ಮಲೆನಾಡಿನ ಕೊನೆಗೌಡರನ್ನು ತೆಗೆದುಕೊಳ್ಳಿ. ಮರ ಹತ್ತಿ, ಅಡಿಕೆ ಕೊನೆ ಕೊಯ್ದು, ಹಗ್ಗದಲ್ಲಿ ಇಳಿಸಿ, ಮೇಲಿಂದಲೇ ಮರವನ್ನು ತೂಗಿಸಿ ಪಕ್ಕದ ಮರ ಹಿಡಿಯುವ ಕೆಲಸ. ಹತ್ತುವವರು ಕಡಿಮೆಯಾಗಿರುವುದರಿಂದ ಸಾದಾ ಆಳಿಗಿಂತ ಬಹಳ ಹೆಚ್ಚು ಕೂಲಿ. 25ನೇ ವಯಸ್ಸಿಗೇ ಪೂರಾ ಕೂಲಿ ಸಿಗುತ್ತದೆ, ಕಾಯಬೇಕಿಲ್ಲ. ಆದರೆ ಮಂಡಿ, ಭುಜ, ಸೊಂಟ ಸೋತ ಮೇಲೆ ಗಳಿಕೆ ಮೆಲ್ಲಗೆ ಇಳಿಯುವುದಿಲ್ಲ, ಒಮ್ಮೆಗೇ ಆಳಿನ ಕೂಲಿಗೆ ಬೀಳುತ್ತದೆ. ಫೈಬರ್ ದೋಟಿ (ಕೊಯ್ಯುವ ಉದ್ದನೆಯ ಕೋಲು) ಬಂದ ಮೇಲೆ ನೆಲದಲ್ಲೇ ನಿಂತು ಕೊಯ್ಯುವುದು ಸಾಧ್ಯವಾಗಿದೆ. ಇದರಿಂದ ವಯಸ್ಸಾದವರ ದುಡಿಮೆಯ ವರ್ಷಗಳು ಒಂದಿಷ್ಟು ಹೆಚ್ಚುತ್ತವೆ, ಎತ್ತರದ ಮರಗಳಲ್ಲಿ ಮಾತ್ರ ಕಷ್ಟ.

ಗಾರೆ ಕೆಲಸದಲ್ಲಾದರೆ ವಯಸ್ಸಾದಂತೆ ಕೂಲಿ ದರ ಇಳಿಯುವುದಿಲ್ಲ, ದಿನಗಳು ಇಳಿಯುತ್ತವೆ. ದಿನಕ್ಕೆ 900ರಂತೆ ತಿಂಗಳಿಗೆ 24 ದಿನ ಅಂದರೆ 21,600. ಅದೇ ದರಕ್ಕೆ 15 ದಿನ ಅಂದರೆ 13,500. ಆದ್ದರಿಂದ ಇವರ ಲೆಕ್ಕದಲ್ಲಿ ದರ ಮತ್ತು ದಿನ ಎರಡು ಬೇರೆ ಕಾಲಮ್ ಇರಲೇಬೇಕು. ಮೇಸ್ತ್ರಿಯಾಗಿ ಗುತ್ತಿಗೆ ಹಿಡಿದವರಿಗೆ ಮಾತ್ರ 40ರ ನಂತರವೂ ಏರುತ್ತದೆ.

ಆದ್ದರಿಂದ ಗಳಿಕೆ ತುದಿಯಲ್ಲಿರುವಾಗಲೇ ಮಾಡಬೇಕಾದ್ದಿದೆ. ಅಟಲ್ ಪೆನ್ಷನ್ ಯೋಜನೆಗೆ ಸೇರಲು 40 ಕಡೆಯ ವಯಸ್ಸು. 5,000ದ ಪಿಂಚಣಿಗೆ 18ರಲ್ಲಿ ಸೇರಿದರೆ ತಿಂಗಳಿಗೆ 210 ರೂಪಾಯಿ, 40ರಲ್ಲಾದರೆ 1,454. ಆದಾಯ ತೆರಿಗೆ ಕಟ್ಟುವವರಿಗೆ ಇದು ಇಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ. ಖಾತೆಯಲ್ಲಿ ಮೇ ಕೊನೆಗೆ ಹಣವಿಲ್ಲದೆ ಇದು ರದ್ದಾಗುವುದೇ ಹೆಚ್ಚು. ಕಟ್ಟಡ ಕಾರ್ಮಿಕರು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ದಾಖಲೆ ಕೊಟ್ಟು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು, ಕಾರ್ಡನ್ನು ನವೀಕರಿಸುತ್ತಲೂ ಇರಬೇಕು.

ಕಾವೇರಿತೀರ:

ಎಲ್ಲರಿಗೂ ಧನ್ಯವಾದ. ಮಗುವಿಗಾಗಿ ಮೂರು ವರ್ಷ ಕೆಲಸ ಬಿಟ್ಟರೆ ಆ ಮೂರು ಸಾಲು ಸೊನ್ನೆ ಮಾಡಿದರೆ ಸಾಕಾ? ಪಿಎಫ್ ಪಿಂಚಣಿ ಹೇಗೆ ಹಾಕಲಿ?

ಪಾಸ್‌ಬುಕ್ ಉತ್ತರ:

ಸಾಲದು, ಮೇಡಂ. ಶೇ. 6ರ ಏರಿನಲ್ಲಿರುವಾಗ ಮೂರು ವರ್ಷ ಬಿಟ್ಟರೆ, ವಾಪಸ್ ಬಂದಾಗ ಜೊತೆಯವರು ನಿಮಗಿಂತ ಶೇ. 19 ಮೇಲಿರುತ್ತಾರೆ. ಹಳೆಯ ಸಂಬಳವೇ ಸಿಕ್ಕಿತು ಅಂದುಕೊಂಡರೂ ಆ ಅಂತರ ಉಳಿಯುತ್ತದೆ. ಹಾಗಾಗಿ ಮೂರು ಸೊನ್ನೆ ಹಾಕಿ, ನಾಲ್ಕನೇ ವರ್ಷವನ್ನು ಬಿಡುವ ಹಿಂದಿನ ಸಂಬಳದಿಂದಲೇ ಶುರುಮಾಡಿ. ಏರಿಕೆಯ ದರವನ್ನು ಮಾತ್ರ ವಯಸ್ಸಿನ ಬದಲು ದುಡಿದ ವರ್ಷಗಳಿಗೆ ಕಟ್ಟಿ. ಅದೇ ಬಿಡುವು 46ರಲ್ಲಾದರೆ ಅಂತರ ಶೇ. 3 ಮಾತ್ರ, ಹೆಂಗಸರಿಗೆ ಇದು ಬೀಳುವುದು ಏರು ಕಡಿದಾಗಿರುವಾಗಲೇ, ಅನ್ಯಾಯ ಇರುವುದೇ ಅಲ್ಲಿ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಕಾನೂನಿನಲ್ಲೇ ಇದೆ. ರಾಜೀನಾಮೆಗೆ ಮುಂಚೆ ಅದನ್ನು ಪೂರ್ತಿ ಬಳಸಿಕೊಳ್ಳಿ.

ಪಿಂಚಣಿಗೆ ಸಂಬಳದ ಏರು ಮುಟ್ಟುವುದೇ ಇಲ್ಲ. ಇಪಿಎಸ್ (ಪಿಎಫ್ ಜೊತೆಗಿನ ಪಿಂಚಣಿ ಯೋಜನೆ) ಲೆಕ್ಕಕ್ಕೆ 2014ರ ಸೆಪ್ಟೆಂಬರ್‌ನಿಂದ ಸಂಬಳದ ಮಿತಿ 15,000. ಸೂತ್ರ: ಸಂಬಳ ಗುಣಿಸು ಸೇವೆಯ ವರ್ಷ, ಭಾಗಿಸು 70. ಮೂವತ್ತೈದು ವರ್ಷ ದುಡಿದು 58ಕ್ಕೆ ನಿವೃತ್ತರಾದರೆ, 20 ವರ್ಷ ದಾಟಿದ್ದಕ್ಕೆ 2 ವರ್ಷ ಸೇರಿ 37. ತಿಂಗಳಿಗೆ ಸುಮಾರು 7,929 ರೂಪಾಯಿ. ಸಂಬಳ 1 ಲಕ್ಷವಿದ್ದರೂ 3 ಲಕ್ಷವಿದ್ದರೂ ಮಿತಿಯ ಮೇಲೆ ಕಟ್ಟದವರಿಗೆ ಇಷ್ಟೇ. ಇಲ್ಲಿ ಎಣಿಕೆಗೆ ಬರುವುದು ವರ್ಷಗಳು. ಆದ್ದರಿಂದ ಕೆಲಸ ಬಿಡುವಾಗ ಸೇವೆ ಹತ್ತು ವರ್ಷಕ್ಕಿಂತ ಕಡಿಮೆಯಿದ್ದರೆ ಫಾರ್ಮ್ 10ಸಿಯಲ್ಲಿ ಹಣ ಹಿಂಪಡೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ (ಅಲ್ಲಿಯವರೆಗಿನ ಸೇವೆಯನ್ನು ಉಳಿಸಿಡುವ ಪತ್ರ) ಕೇಳಿ. ಹಣ ತೆಗೆದರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗಿ, ವಾಪಸ್ ಬಂದಾಗ ಒಂದರಿಂದ ಎಣಿಕೆ.

ಗೃಹಸಾಲದ ಬಗ್ಗೆ ಒಂದು ಮಾತು. ಶೇ. 8.5ಕ್ಕೆ 20 ವರ್ಷದ ಸಾಲಕ್ಕೆ ಲಕ್ಷಕ್ಕೆ 868 ರೂಪಾಯಿ ಕಂತು. ಇವತ್ತಿನ ಸಂಬಳಕ್ಕೆ ಹೊರಲು ಆಗುವಷ್ಟೇ ತೆಗೆಯಿರಿ. 'ಸ್ಟೆಪ್-ಅಪ್' ಸಾಲ (ಮೊದಲು ಕಡಿಮೆ ಕಂತು, ಆಮೇಲೆ ಹೆಚ್ಚು) ತೋರಿಸಿದರೆ ಕಂತು ಏರುವ ವರ್ಷಗಳನ್ನು ಹೊಸ ಶೀಟಿನ ಪಕ್ಕದಲ್ಲಿಟ್ಟು ನೋಡಿ. ಮೊದಲ ವರ್ಷಗಳಲ್ಲಿ ಕಂತಿನ ಬಹುಪಾಲು ಬಡ್ಡಿಗೇ ಹೋಗಿ ಅಸಲು ಅಲುಗುವುದಿಲ್ಲ, ಕಂತು ಏರುವ ಹೊತ್ತಿಗೆ ನಿಮಗೆ 35 ದಾಟಿದ್ದರೆ ಹೈಕ್ ಶೇ. 3ಕ್ಕೆ ಇಳಿದಿರುತ್ತದೆ. ಬದಲಿಗೆ ಸಾದಾ ಸಾಲ ತೆಗೆದು, 35ರೊಳಗಿನ ಪ್ರತಿ ಹೈಕಿನ ಅರ್ಧವನ್ನು ಅಸಲಿಗೆ ಕಟ್ಟಿ. ವ್ಯಕ್ತಿಗಳ ಫ್ಲೋಟಿಂಗ್ ದರದ ಗೃಹಸಾಲಕ್ಕೆ ಮುಂಗಡ ಪಾವತಿಯ ದಂಡ ಹಾಕುವಂತಿಲ್ಲ. ಕಟ್ಟುವಾಗ 'ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ' ಅಂತ ಬ್ಯಾಂಕಿಗೆ ಬರೆದುಕೊಡಿ.