ಪದಚರ್ಚೆ: ‘ನಾನ್ ರೆವಿನ್ಯೂ ವಾಟರ್’ ಅಂದರೆ ಸೋರಿಕೆಯೇ?

ತುಮಕೂರಿನ ನೀರು ಸರಬರಾಜಿನ ಕನ್ನಡ ಕೈಪಿಡಿಯೊಂದರ ಕರಡಿನಲ್ಲಿ ಈ ವಾಕ್ಯವಿದೆ: ‘ಸ್ಮಾರ್ಟ್ ಮೀಟರಿನಿಂದ ಸೋರಿಕೆ ತಗ್ಗಿ ನಗರದ ಸುಸ್ಥಿರ ಬೆಳವಣಿಗೆಗೆ ದಾರಿಯಾಗುತ್ತದೆ.’ ಇಲ್ಲಿ ‘ಸೋರಿಕೆ’ ಎಂದು ಬರೆದಿರುವುದು ‘ನಾನ್ ರೆವಿನ್ಯೂ ವಾಟರ್’ಗೆ. ಸರಿಯೇ? ‘ಲೆಕ್ಕಕ್ಕೆ ಸಿಗದ ನೀರು’ ಎನ್ನೋಣವೇ?

ಉತ್ತರ:

ಎರಡೂ ಕೂಡುವುದಿಲ್ಲ ಸರ್. ‘ತೆರಿಗೆ ಸೋರಿಕೆ’ ಎಂದು ಓದಿ ರೂಢಿಯಾಗಿ, ಹಣ ಕೈತಪ್ಪಿದರೂ ಸೋರಿಕೆ ಅನ್ನುತ್ತೇವೆ. ನೀರಿನ ಮಾತಿನಲ್ಲಿ ಈ ಸಡಿಲಿಕೆ ಅರ್ಥವನ್ನೇ ಕೆಡಿಸುತ್ತದೆ. ‘ನಾನ್ ರೆವಿನ್ಯೂ ವಾಟರ್’ ಅಂದರೆ ಸರಬರಾಜಿಗೆ ಬಿಟ್ಟರೂ ಹಣ ಬಾರದ ನೀರು. ಅದರೊಳಗೆ ಮೂರು ಬಾಬತ್ತುಗಳಿವೆ. ಪೈಪು, ಜಾಯಿಂಟು, ಟ್ಯಾಂಕುಗಳಿಂದ ನಿಜವಾಗಿಯೂ ಹೊರಹೋದ ನೀರು ಒಂದು. ಕಳ್ಳ ಸಂಪರ್ಕ ಅಥವಾ ಸವೆದ ಮೀಟರಿನಿಂದಾಗಿ ಬಿಲ್ಲಿಗೆ ಬಾರದ್ದು ಇನ್ನೊಂದು. ಬೀದಿ ನಲ್ಲಿಗೆ, ಅಗ್ನಿಶಾಮಕ ವಾಹನಕ್ಕೆ ಪುಕ್ಕಟೆ ಕೊಟ್ಟದ್ದು ಮೂರನೆಯದು. ಇದನ್ನು ಅಳೆದೇ ಕೊಟ್ಟಿರಬಹುದು. ಹಾಗಾದರೆ ‘ಲೆಕ್ಕಕ್ಕೆ ಸಿಗದ’ ಎನ್ನುವುದು ಹೇಗೆ? ಇಂಥ ನೀರು ಒಟ್ಟು ನೀರಿನ ಶೇ 20ಕ್ಕೆ ಇಳಿಯಬೇಕೆಂದು ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಇಟ್ಟ ಗುರಿ ಕೂಡ ಮೂರೂ ಸೇರಿದ್ದು.

ಪರಿಸರದ ಮಟ್ಟಿಗೆ ವ್ಯತ್ಯಾಸ ದೊಡ್ಡದು. 1,000 ಲೀಟರ್ ನೀರನ್ನು 100 ಮೀಟರ್ ಎತ್ತಲು, ಪಂಪು ಮೋಟಾರಿನ ಒಟ್ಟು ದಕ್ಷತೆ ಶೇ 65 ಇದ್ದರೆ, ಸುಮಾರು 0.42 ಯೂನಿಟ್ ಕರೆಂಟು ಬೇಕು. ಒಡೆದ ಪೈಪು ದುರಸ್ತಿಯಾದರೆ ನೀರಿನ ಜೊತೆಗೆ ಅದೂ ಉಳಿಯುತ್ತದೆ. ಸವೆದ ಮೀಟರು ಬದಲಿಸಿದರೆ ಹಣ ಬರುತ್ತದೆ, ಆದರೆ ತುಮಕೂರಿಗೆ ನೀರು ಕೊಡುವ ಬುಗುಡನಹಳ್ಳಿ ಕೆರೆಯಿಂದ ಎತ್ತುವ ನೀರು ಅಷ್ಟೇ ಇರುತ್ತದೆ. (ಬಿಲ್ಲು ಏರಿತೆಂದು ಜನ ಬಳಕೆ ತಗ್ಗಿಸಿದರೆ ಆ ಮಾತು ಬೇರೆ.)

‘ಮೀಟರಿನಿಂದ ತಗ್ಗಿ’ ಎಂಬುದನ್ನೂ ತಿದ್ದಬೇಕು. ಮೀಟರು ತೋರಿಸುತ್ತದೆ, ಅಷ್ಟೆ. ಬಡಾವಣೆಗೆ ನೀರು ಹೋಗುವ ದಾರಿ ಒಂದೇ ಇರುವಂತೆ ಮಾಡಿ, ಅಲ್ಲಿ ಮೀಟರು ಕೂರಿಸಿ, ನಸುಕಿನ 2ರಿಂದ 4ರವರೆಗಿನ ಹರಿವಿನಲ್ಲಿ ಆ ಹೊತ್ತಿನ ಮನೆಬಳಕೆ ಕಳೆದರೆ ಉಳಿಯುವುದು ಬಹುಪಾಲು ಸೋರಿಕೆ. ನಾಲ್ಕಾರು ದಿನಕ್ಕೊಮ್ಮೆ ನೀರು ಬಿಡುವ ಕಡೆ ಈ ಲೆಕ್ಕ ಕೈಕೊಡುತ್ತದೆ: ರಾತ್ರಿ ಬಂದ ನೀರು ಮನೆಮನೆಯ ಸಂಪು ತುಂಬುತ್ತಿರುತ್ತದೆ, ಖಾಲಿ ಪೈಪಿನ ಗಾಳಿಯೇ ಚಕ್ರವಿರುವ ಮೀಟರನ್ನು ತಿರುಗಿಸಿಬಿಡುತ್ತದೆ.

ಹಾಗಾಗಿ ಒಟ್ಟಿಗೆ ‘ಹಣ ಬಾರದ ನೀರು’, ಮೊದಲನೆಯದಕ್ಕೆ ಮಾತ್ರ ‘ಸೋರಿಕೆ’, ಎರಡನೆಯದಕ್ಕೆ ‘ಲೆಕ್ಕ ತಪ್ಪಿದ ನೀರು’ ಇರಲಿ. ಕರಡಿನಲ್ಲಿ ‘ವಾಲ್ವ್ ಆಪರೇಟರ್’ ಬಂದಿದ್ದರೆ ‘ನೀರುಗಂಟಿ’ ಮಾಡಿ. ಕೆರೆಯ ತೂಬು ನೋಡಿಕೊಳ್ಳುವವನಿಗೆ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಹಿಂದಿನಿಂದ ಇರುವ ಪದ ಅದು.

ವಾಕ್ಯ ಹೀಗಾಗಬಹುದು: ‘ಹಣ ಬಾರದ ನೀರು ಎಲ್ಲಿ ಹೋಗುತ್ತಿದೆಯೆಂದು ಸ್ಮಾರ್ಟ್ ಮೀಟರಿನಿಂದ ತಿಳಿಯುತ್ತದೆ, ಅದರಲ್ಲಿ ಸೋರಿಕೆಯನ್ನು ತಡೆದಷ್ಟೂ ನೀರು, ವಿದ್ಯುತ್ ಉಳಿಯುತ್ತವೆ.’