ಅಪ್‌ಡೇಟ್: ಕೆರೆಗಳ ಮೇಲೆ ಪಿಎಚ್‌ಡಿ, ದಾರಿ ಕಾಣುತ್ತಿದೆ

ಎಲ್ಲರಿಗೂ ನಮಸ್ಕಾರ. ಹಳೇ ಕೆರೆಗಳ ಬಗ್ಗೆ ಪಿಎಚ್‌ಡಿ ಮಾಡಬೇಕು, ಇತಿಹಾಸ, ಜನಪದ, ನೀರಿನ ಲೆಕ್ಕ ಮೂರೂ ಸೇರಬೇಕು, ಎಲ್ಲಿಗೆ ಹೋಗಲಿ ಎಂದು ಹಿಂದೆ ಇಲ್ಲೇ ಕೇಳಿದ್ದೆ. ಒಂದು ವಿಭಾಗದಲ್ಲಿ "ಇದು ನಮ್ಮ ಸಬ್ಜೆಕ್ಟ್ ಅಲ್ಲ" ಎಂದು ಕಳಿಸಿದ್ದರು. ತುಂಬಾ ಬೇಜಾರಾಗಿತ್ತು.

"ಕೋರ್ಸಿನ ಹೆಸರು ಬಿಡು, ಗೈಡ್ ಹುಡುಕು" ಎಂದು ನಿಮ್ಮಲ್ಲೊಬ್ಬರು ಹೇಳಿದಿರಲ್ಲ, ಅದೇ ಕೆಲಸಕ್ಕೆ ಬಂತು. ಷಿಕಾಗೋ ವಿಶ್ವವಿದ್ಯಾಲಯದ 'ಕಮಿಟಿ ಆನ್ ಸೋಷಿಯಲ್ ಥಾಟ್' ಎಂಬ ವಿಭಾಗ 1941ರಿಂದ ಹೀಗೇ ಹಲವು ವಿಷಯಗಳನ್ನು ಸೇರಿಸಿಕೊಂಡು ನಡೆಯುತ್ತಿದೆ. ಆದರೆ ನನ್ನ ಕೆರೆಗಳು ಇಲ್ಲೇ ಇವೆ ಅಲ್ವಾ? ಬೆಂಗಳೂರಿನ ನಿಯಾಸ್ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್, 1988ರಲ್ಲಿ ಶುರುವಾದದ್ದು, ಐಐಎಸ್‌ಸಿ ಕ್ಯಾಂಪಸ್ಸಿನಲ್ಲೇ ಇದೆ) ಮಾನವಿಕ, ಸಮಾಜವಿಜ್ಞಾನ, ವಿಜ್ಞಾನ ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟಿದೆ. ಐಐಟಿಗಳ ಮಾನವಿಕ ವಿಭಾಗಗಳನ್ನೂ ನೋಡಿದೆ.

ಪ್ರಪೋಸಲ್ ಪೂರ್ತಿ ಬದಲಾಯಿಸಿದೆ. ಮೊದಲು "ಕರ್ನಾಟಕದ ಕೆರೆ ಸಂಸ್ಕೃತಿ" ಎಂದು ಬರೆದಿದ್ದೆ. ಈಗ ನಮ್ಮೂರ ಕೆರೆಯ ತೂಬಿನಿಂದಲೇ (ನೀರು ಹೊರಬಿಡುವ ಕಿಂಡಿ) ಶುರು. ಕಲ್ಲಿನ ಎರಡು ಕಂಬ, ಪಕ್ಕದಲ್ಲಿ ಅರ್ಧ ಹೂತುಹೋದ ಶಾಸನ. ಪ್ರಶ್ನೆ ಒಂದೇ: ಬರಗಾಲದಲ್ಲಿ ಯಾರ ಗದ್ದೆಗೆ ಮೊದಲು ನೀರು, ಅದನ್ನು ಯಾರು ತೀರ್ಮಾನಿಸುತ್ತಿದ್ದರು? ಇದಕ್ಕೆ ಶಾಸನವೂ ಬೇಕು, ನೀರುಗಂಟಿಯ (ಗದ್ದೆಗಳಿಗೆ ನೀರು ಹಂಚುವವನು) ನೆನಪೂ ಬೇಕು, ಅಳತೆಯೂ ಬೇಕು. ಇದನ್ನು ಓದಿದ ಪ್ರೊಫೆಸರ್ ಒಬ್ಬರು ಎರಡೇ ದಿನದಲ್ಲಿ ಉತ್ತರ ಬರೆದರು!

ದುಡ್ಡಿನ ಚಿಂತೆ ಇದ್ದವರಿಗೆ: ಜೆಆರ್‌ಎಫ್ (ಸಂಶೋಧಕರಿಗೆ ಸಿಗುವ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಅದಕ್ಕೇ, ಆ ಫೆಲೋಶಿಪ್‌ಗೆ ಆಯ್ಕೆ ಮಾಡುವ ನೆಟ್ ಪರೀಕ್ಷೆಗೆ ಓದುತ್ತಿದ್ದೇನೆ. ಪಿಎಚ್‌ಡಿ ಇಂಟರ್‌ವ್ಯೂ ಎದುರಿಸಿದವರು ಇದ್ದರೆ ದಯವಿಟ್ಟು ಹೇಳಿ, ಏನೇನು ಕೇಳುತ್ತಾರೆ?