ನಾಲ್ವರು ಸೇರಿ ಕಾಸಿದ ಸಾಸ್

ಮಗಳು ವೀಗನ್ ಆಗಿದ್ದಾಳೆಂಬ ಸುದ್ದಿಯನ್ನು ನಮ್ಮ ವಕೀಲರು, ಗೆಲ್ಲಲೇಬೇಕಾಗಿದ್ದ ಮೊಕದ್ದಮೆಯನ್ನು ಸೋತು ಬಂದವರ ದನಿಯಲ್ಲಿ ಹೇಳಿದರು. ಹಾಲು, ಮೊಸರು, ತುಪ್ಪ ಯಾವುದೂ ಆಗದು, ಜೇನುತುಪ್ಪವೂ ಆಗದು. ಭಾನುವಾರ ಬೆಂಗಳೂರಿನಿಂದ ಬರುವವಳಿಗೆ ದೊಡ್ಡ ಉರಿಯಲ್ಲಿ ಬಾಡಿಸಿದ ಚೀನೀ ಮಾದರಿಯ ತರಕಾರಿ ಬೇಕಂತೆ, ಅದರ ಸಾಸ್ ಮನೆಯಲ್ಲೇ ಮಾಡಿದ್ದಾಗಿರಬೇಕಂತೆ, ಸಾಲದ್ದಕ್ಕೆ ಆರೋಗ್ಯಕ್ಕೂ ಒಳ್ಳೆಯದಾಗಿರಬೇಕಂತೆ. ಅತ್ತಿಗೆಯವರು ತವರಿಗೆ ಹೋಗಿದ್ದರಿಂದ, ಶನಿವಾರ ಸಂಜೆ ಮೈಸೂರಿನ ಸರಸ್ವತಿಪುರಂನ ಅವರ ಅಡುಗೆಮನೆಯಲ್ಲಿ ತಾಲೀಮಿಗೆಂದು ನಾಲ್ವರು ಸೇರಿದೆವು: ವಕೀಲರು, ಮೇಷ್ಟರು, ಧಾರವಾಡದಿಂದ ಬಂದು ಇಲ್ಲಿಯೇ ನೆಲೆಸಿರುವ ಕಾಕಾ, ಬೆಳ್ಳುಳ್ಳಿ ಸುಲಿಯುವುದಕ್ಕೆ ನೇಮಕಗೊಂಡ ನಾನು.

ಮೇಷ್ಟರು ಬರುವಾಗಲೇ ಆಯ್‌ಸ್ಟರ್ ಸಾಸಿನ ಸೀಸೆಯೊಂದನ್ನು ತಂದಿದ್ದರು. ಹಿಂದೊಮ್ಮೆ ಅಣಬೆ ಬೇಸಾಯದ ತರಬೇತಿಗೆ ಹೋಗಿ ಆಯ್‌ಸ್ಟರ್ ಅಣಬೆ ಬೆಳೆದವರಾದ್ದರಿಂದ, ಇದೂ ಅದರದ್ದೇ ರಸವೆಂದು ಅವರು ನಂಬಿದ್ದರು.

"ಮೇಷ್ಟರೇ, ಇದು ಅಣಬೆಯಲ್ಲ, ಸಮುದ್ರದ ಸಿಂಪಿ. 1888ರಲ್ಲಿ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಲೀ ಕುಮ್ ಶೆಯುಂಗ್ ಎಂಬಾತ ಸಿಂಪಿಯ ಸಾರನ್ನು ಒಲೆಯ ಮೇಲಿಟ್ಟು ಮರೆತದ್ದರಿಂದ ಈ ಸಾಸ್ ಹುಟ್ಟಿತೆಂದು ಹೇಳುತ್ತಾರೆ," ಎಂದೆ.

"ಒಲೆಯ ಮೇಲಿಟ್ಟು ಮರೆಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಆದರೆ ನಮ್ಮ ಮನೆಯಲ್ಲಿ ಇದುವರೆಗೆ ಪಾತ್ರೆ ಸೀದಿದೆಯೇ ಹೊರತು ಸಾಸ್ ಹುಟ್ಟಿಲ್ಲ," ಎಂದು ಮೇಷ್ಟರು ಸೀಸೆಯನ್ನು ಚೀಲಕ್ಕೆ ಹಿಂದಿರುಗಿಸಿದರು.

ಇನ್ನು ಮುಂದೆ ಹಸಿರು ಚುಕ್ಕೆ ನೋಡಿಯೇ ಕೊಳ್ಳೋಣವೆಂದು ವಕೀಲರು ತೀರ್ಪಿತ್ತರಾದರೂ ಅದೂ ನಿಲ್ಲಲಿಲ್ಲ. ಹಾಲು, ಜೇನು ಸೇರಿದ ಪದಾರ್ಥಕ್ಕೂ ನಮ್ಮ ದೇಶದಲ್ಲಿ ಹಸಿರು ಚುಕ್ಕೆಯೇ ಇರುತ್ತದೆ. ಹಾಗೆ ನೋಡಿದರೆ ಅಣಬೆಯ ವಿಷಯದಲ್ಲಿ ಮೇಷ್ಟರು ಪೂರ್ತಿ ತಪ್ಪಿರಲಿಲ್ಲ. ಸಿಂಪಿ ಕೊಡುವ ಆ ನಾಲಿಗೆಗಂಟುವ ರುಚಿ, ಅಂದರೆ 1908ರಲ್ಲಿ ಟೋಕಿಯೋದ ಪ್ರೊಫೆಸರ್ ಕಿಕುನಾಯೆ ಇಕೆಡಾ ಕಡಲಪಾಚಿಯ ಸಾರಿನಲ್ಲಿ ಗುರುತಿಸಿ ಉಮಾಮಿ ಎಂದು ಕರೆದದ್ದು, ಒಣ ಶಿಟಾಕೆ ಅಣಬೆಯಲ್ಲಿಯೂ ಧಾರಾಳವಾಗಿದೆ. ನಾಲ್ಕು ಅಣಬೆಗಳನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದಾಗ ನೀರು ಕಡು ಕಷಾಯದ ಬಣ್ಣಕ್ಕೆ ತಿರುಗಿತು. ನಮ್ಮ ಸಾಸಿಗೆ ಅದೇ ತಳಹದಿಯಾಯಿತು.

ಆರೋಗ್ಯದ ಪ್ರಶ್ನೆ ಬಂದದ್ದು ಸೋಯಾ ಸಾಸಿನ ಮುಚ್ಚಳ ತೆರೆದಾಗ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ 2000 ಮಿಲಿಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡದ ಮಾತ್ರೆ ನುಂಗುವ ವಕೀಲರು ಕಾಗದ ತೆಗೆದು, ನಾಲ್ಕು ಮಂದಿಗೆ ಎರಡೇ ಚಮಚ, ತಲೆಗೆ 450 ಎಂದು ಷರಾ ಬರೆದರು. ಅದಕ್ಕೆ ಶುಂಠಿ, ಬೆಳ್ಳುಳ್ಳಿ, ಒಂದು ಚಮಚ ವಿನೆಗರ್, ಎರಡು ಚಿಕ್ಕ ಚಮಚ ಬೆಲ್ಲದ ಪುಡಿ. ಬೆಲ್ಲ ಆರೋಗ್ಯಕ್ಕೆ ಒಳ್ಳೆಯದೆಂದು ಮೇಷ್ಟರು ಮೂರನೆಯ ಚಮಚ ಸುರಿಯಹೊರಟಾಗ ಕೈ ಹಿಡಿಯಬೇಕಾಯಿತು, ಏಕೆಂದರೆ ಬೆಲ್ಲವೂ ಬಣ್ಣ ಬಂದ ಸಕ್ಕರೆಯೇ.

ನಮ್ಮ ಎಳ್ಳೆಣ್ಣೆಗೆ ಚೀನೀ ಎಳ್ಳೆಣ್ಣೆಯ ಪರಿಮಳ ಬಾರದು. ಅವರು ಎಳ್ಳನ್ನು ಚೆನ್ನಾಗಿ ಹುರಿದ ಮೇಲೆ ಎಣ್ಣೆ ತೆಗೆಯುತ್ತಾರೆ, ನಮ್ಮ ಗಾಣದಲ್ಲಿ ಹಸಿ ಎಳ್ಳೇ ಬೀಳುತ್ತದೆ. ಆದ್ದರಿಂದ ಒಂದು ಚಮಚ ಎಳ್ಳನ್ನು ಹುರಿದು ಕುಟ್ಟಿ ಹಾಕಿದೆವು. ಗುರೆಳ್ಳು ಹಾಕಬೇಕೆಂಬ ಕಾಕಾರ ಸೂಚನೆ ಮೂರು ಮತಗಳಿಂದ ಬಿದ್ದುಹೋಯಿತು. ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿರುವಾಗ ಕೆಂಪು ಎಲ್ಲಿಂದ ತರುವುದೆಂಬ ಚಿಂತೆಗೆ ಮಾತ್ರ ಅವರ ಬಳಿಯೇ ಉತ್ತರವಿತ್ತು: ನೆನೆಸಿ ಅರೆದ ಎರಡು ಬ್ಯಾಡಗಿ ಮೆಣಸಿನಕಾಯಿ, ಬಣ್ಣ ಬಂಡಿಯಷ್ಟು, ಖಾರ ಚಿಟಿಕೆಯಷ್ಟು.

ಇಷ್ಟರವರೆಗೆ ಎಲ್ಲವೂ ಸುಗಮವಾಗಿತ್ತು. ಗಟ್ಟಿಯಾಗಲು ಎರಡು ಚಿಕ್ಕ ಚಮಚ ಜೋಳದ ಹಿಟ್ಟು ಹಾಕಬೇಕೆಂದು ಮೇಷ್ಟರು ಓದಿ ಹೇಳಿದರು. ಕಾಕಾ ತಮ್ಮ ಮನೆಯಿಂದಲೇ ಹಿಟ್ಟು ತಂದು ಕುದಿಯುವ ಸಾಸಿಗೆ ಉದುರಿಸಿಬಿಟ್ಟರು. ಎರಡೇ ನಿಮಿಷದಲ್ಲಿ ಬಾಣಲೆಯಲ್ಲಿದ್ದದ್ದು ಗಂಟುಗಂಟಾದ ಕಂದು ಅಂಬಲಿ.

"ಕಾಕಾ, ಇದು ರೊಟ್ಟಿಯ ಹಿಟ್ಟಲ್ಲವೇ?"

"ಜೋಳ ಎಂದರೆ ರೊಟ್ಟಿಯ ಜೋಳವೇ. ನಿಮಗೆ ಗೋವಿನಜೋಳ ಬೇಕಿದ್ದರೆ ಗೋವಿನಜೋಳ ಎಂದೇ ಹೇಳಬೇಕಾಗಿತ್ತು," ಎಂದು ಕಾಕಾ ಕೆರಳಿದರು.

"ನಾವು ಅದನ್ನು ಮುಸುಕಿನಜೋಳ ಎನ್ನುತ್ತೇವೆ," ಎಂದರು ಮೇಷ್ಟರು.

ಬೇಕಾಗಿದ್ದದ್ದು ಆ ಎರಡರ ಹಿಟ್ಟೂ ಅಲ್ಲ, ಮುಸುಕಿನಜೋಳದ ಪಿಷ್ಟವನ್ನಷ್ಟೇ ಬೇರ್ಪಡಿಸಿದ ಬಿಳಿಯ ಕಾರ್ನ್‌ಫ್ಲೋರ್ ಎಂಬುದು ಇತ್ಯರ್ಥವಾಗುವಷ್ಟರಲ್ಲಿ ಅಂಬಲಿ ತಣ್ಣಗಾಗಿತ್ತು. ಎರಡನೆಯ ಸಲ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿದೆವು. ಒಣಹಿಟ್ಟು ಬಿಸಿಗೆ ಬಿದ್ದರೆ ಹೊರಗಿನ ಪದರ ತಕ್ಷಣ ಬೆಂದು ಒಳಗಿನ ಹಿಟ್ಟನ್ನು ಮುಚ್ಚಿಬಿಡುತ್ತದೆ, ಅದೇ ಗಂಟು. ಕದಡಿಟ್ಟದ್ದೂ ಕ್ಷಣದಲ್ಲಿ ಸುಣ್ಣದಂತೆ ತಳಕ್ಕಿಳಿಯುವುದರಿಂದ ಸುರಿಯುವ ಮುನ್ನ ಮತ್ತೊಮ್ಮೆ ಕಲಕಬೇಕು. ಮೊದಲು ಮಂಕಾಗಿದ್ದ ಸಾಸ್ ಕುದಿ ಬರುತ್ತಲೇ ತಿಳಿಯಾಗಿ ಹೊಳೆಯತೊಡಗಿತು. ಸೌಟಿನ ಬೆನ್ನಿನ ಮೇಲೆ ಬೆರಳಿನಿಂದ ಎಳೆದ ಗೀಟು ಹಾಗೆಯೇ ನಿಂತಿತು.

ಅಲ್ಲಿಗೆ ಒಲೆ ಆರಿಸಬೇಕಾಗಿತ್ತು, ಆದರೆ ರುಚಿ ನೋಡಿದೆವು. ಉಪ್ಪು ಸಾಲದೆಂದು ಕಾಕಾ ಒಂದು ಚಮಚ ಸೋಯಾ ಸಾಸ್ ಹಾಕಿದರು. ಅವರು ಹಾಕಿದ್ದನ್ನು ನೋಡದ ಮೇಷ್ಟರು ಇನ್ನೊಂದು ಚಮಚ ಹಾಕಿದರು. ನಾನು ಹಾಕಿದ್ದನ್ನು ಯಾರೂ ನೋಡಲಿಲ್ಲ. ಈಗ ಉಪ್ಪು ಹೆಚ್ಚಾಗಿದೆಯೆಂದು ವಕೀಲರು ನೀರು ಬೆರೆಸಿದರು, ನೀರಾಯಿತೆಂದು ಮತ್ತೆ ಕಾರ್ನ್‌ಫ್ಲೋರ್ ಬಿತ್ತು, ಸಪ್ಪೆಯಾಯಿತೆಂದು ಸೀಸೆ ಮತ್ತೆ ಬಾಗಿತು. ಕೊನೆಗೆ ವಕೀಲರು ಖಾಲಿಯಾಗುತ್ತಿದ್ದ ಸೀಸೆಯನ್ನು ದೀಪಕ್ಕೆ ಹಿಡಿದು, ಒಟ್ಟು ಎಂಟು ಚಮಚವೆಂದು ಅಂದಾಜು ಮಾಡಿ, ತಲೆಗೆ 1800 ಎಂದು ಬರೆದು ಪೆನ್ನು ಮುಚ್ಚಿದರು.

"ಚಿಂತೆ ಬೇಡಿ, ಹದಿನಾರು ಮಂದಿ ತಿಂದರೆ ಲೆಕ್ಕ ಮತ್ತೆ 450ಕ್ಕೇ ಬರುತ್ತದೆ," ಎಂದು ಕಾಕಾ ಚೀಲ ಹಿಡಿದು ಎಲೆಕೋಸು ತರಲು ಹೊರಟರು.